ಸಾರವೆ

ನಮ್ಮಪ್ಪ ಪಿಳ್ಳಮುನಿಯಪ್ಪ ಸಾರವೆ ಕಟ್ಟುತ್ತಿದ್ದ.
ಸರ್ವೆ ಗಳ, ತೆಂಗಿನ ಹುರಿ, ಒಂದು ಮೊಂಡು ಮಚ್ಚು.
ರಾಜಾಜಿನಗರದ ಎಷ್ಟೋ ಮನೆಗಳ ಗೋಡೆಗೆ
ಬಣ್ಣಕ್ಕಿಂತ ಮೊದಲು ಅವನ ಬೆನ್ನು ತಾಗಿದೆ.

ನಾನೂ ಅದನ್ನೇ ಕಟ್ಟುತ್ತೇನೆ, ಯಶವಂತಪುರದಾಚೆ
ಮೂರನೇ ಮಹಡಿಯ ಲ್ಯಾಬಿನಲ್ಲಿ.
ಏನು ಕೆಲಸ ಎಂದವರಿಗೆ ಮೊದಮೊದಲು ನ್ಯಾನೋ ಎನ್ನುತ್ತಿದ್ದೆ;
ಕಾರು ಮಾರ್ತೀಯಾ ಎಂದು ಕೇಳಿದರು.
ಈಗ, ಮೂಳೆಗೆ ಸಾರವೆ, ಎನ್ನುತ್ತೇನೆ. ಬೀದಿಯವರು ತಲೆದೂಗುತ್ತಾರೆ,
ಅರ್ಥವಾದವರಂತೆ.

ಶಿಡ್ಲಘಟ್ಟದಿಂದ ಗೂಡು ಬರುತ್ತದೆ, ಗೋಣಿಚೀಲದಲ್ಲಿ.
ಸೋಡಾ ನೀರಲ್ಲಿ ಅರ್ಧ ಗಂಟೆ ಕುದಿಸಿ ಗೋಂದು ಬಿಡಿಸುತ್ತೇನೆ.
ಆ ವಾಸನೆಗೆ ಪಕ್ಕದ ಕೋಣೆಯ ಶ್ಯಾಮಲಾಂಬ ಮೇಡಂ
ಬಾಗಿಲು ಹಾಕಿಕೊಳ್ಳುತ್ತಾರೆ, ಸದ್ದಾಗುವಂತೆ.
ಸೀರೆಯಾಗಬೇಕಿದ್ದದ್ದು ಉಪ್ಪಿನಲ್ಲಿ ಕರಗಿ ಗಂಜಿಯಾಗುತ್ತದೆ.
ಅದಕ್ಕೆ ಸುಣ್ಣದ ತಂಗಿಯಂಥ ಪುಡಿ,
ನಿಮ್ಮ ನನ್ನ ಮೂಳೆಯೊಳಗೆ ಇರುವಂಥದ್ದೇ,
ಬೆರಳಿಗೂ ಸಿಗದಷ್ಟು ನುಣ್ಣಗೆ, ಬೆರೆಸಿ
ಸೂಜಿಗೆ ತುಂಬಿ ಹದಿನೆಂಟು ಸಾವಿರ ವೋಲ್ಟು ಹರಿಸಿದರೆ
ಮೊನೆಯಿಂದ ಹೊಗೆಯಂಥದ್ದೊಂದು ಹೊರಟು
ತಿರುಗುವ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ.
ಒಂದು ತಲೆಗೂದಲ ಅಗಲದಲ್ಲಿ
ಇಂಥ ಇನ್ನೂರು ಎಳೆ ಮಗ್ಗುಲಾಗದೆ ಮಲಗಬಹುದು.

ಆಷಾಢದಲ್ಲಿ ಮಾತ್ರ ಹಟ ಹಿಡಿಯುತ್ತದೆ.
ಗಾಳಿಗೆ ತೇವ ಏರಿದರೆ ಎಳೆಯೆಲ್ಲ ಮಣಿ ಮಣಿ.
ಮತ್ತಿಕೆರೆಯ ಮೇಲೆ ನಿಂತ ಮೋಡವನ್ನು
ಒಂದಿಡೀ ವಾರ ಬೈದುಕೊಂಡು ಕೂತಿದ್ದೇನೆ.

ನಾನು ಏಳನೇ ಕ್ಲಾಸು. ಹಲಗೆ ಜಾರಿ ಅಪ್ಪ ಬಿದ್ದ.
ಆಟೋದಲ್ಲಿ ನೇರ ಕಬ್ಬನ್‌ಪೇಟೆಯ ಗರಡಿಗೆ.
ಬಸಪ್ಪಾಜಿ ಉಸ್ತಾದರು ಮೊಣಕಾಲ ಕೆಳಗೆ ಎರಡೂ ಕೈ ಹಿಡಿದು
"ನಿನ್ನೆ ಏನ್ ಸಾರು, ಮುನಿಯಪ್ಪ?" ಎಂದರು.
ಅಪ್ಪ "ಬಸ್ಸಾ" ಎನ್ನುವಷ್ಟರಲ್ಲಿ ಎಳೆದರು.
ಉಳಿದರ್ಧ ಸಾರು ಕೂಗಾಗಿ ಚಾವಣಿಗೆ ಬಡಿಯಿತು.
ಮೊಟ್ಟೆಯ ಬಿಳಿ, ಬಿದಿರ ದಬ್ಬೆ, ನಲವತ್ತೈದು ದಿನ.
ಕೂಡಿತು.
ಒಂದು ಬೆರಳು ಗಿಡ್ಡವಾಗಿ ಕೂಡಿತು.

ಮೊನ್ನೆ, ಹದಿನೇಳನೇ ನಂಬರಿನ ಇಲಿ.
ತೊಡೆಮೂಳೆಯಲ್ಲಿ ನಾವೇ ಕೊರೆದ, ಎರಡು ರಾಗಿಕಾಳು ಹಿಡಿಯುವ ತೂತು.
ಮೈಕ್ರೋಸ್ಕೋಪಿನಡಿ ನನ್ನ ಎಳೆಗಳನ್ನು ಹುಡುಕಿದೆ.
ಅಲ್ಲೊಂದು ಇಲ್ಲೊಂದು ಚೂರು ಬಿಟ್ಟರೆ ಇರಲಿಲ್ಲ.
ಮೂಳೆ ಇತ್ತು. ತನ್ನ ಪಾಡಿಗೆ ತಾನು,
ರಕ್ತ ಓಡಾಡಲು ಸಣ್ಣ ಸಣ್ಣ ಓಣಿ ಬಿಟ್ಟುಕೊಂಡು,
ಹಳೇ ಪೇಟೆಯ ಹಾಗೆ, ಯಾರ ಪ್ಲಾನನ್ನೂ ಕೇಳದೆ.
ಸರ್ ಎಲ್ಲರಿಗೂ ಜಾಮೂನು ತರಿಸಿದರು.
ಹದಿನೇಳನ್ನು ಹಿಂದಿನ ತಿಂಗಳೇ ಮಲಗಿಸಿದ್ದೆವು.
ಮಲಗಿಸಿದ್ದೆವು ಎಂದೇ ರಿಜಿಸ್ಟರಿನಲ್ಲಿದೆ, ನನ್ನ ಅಕ್ಷರದಲ್ಲಿ.

ರಾತ್ರಿ ಮುದ್ದೆ ಮುರಿಯುತ್ತಾ ಅಪ್ಪನಿಗೆ ಹೇಳಿದೆ,
ಮೂಳೆ ಬಂತು, ಸಾರವೆ ಕರಗಿಹೋಯ್ತು.
"ಗಳ ವಾಪಸ್ ಬರಲ್ವಾ?"
ಇಲ್ಲ.
"ಹುರಿ?"
ಅದೂ ಇಲ್ಲಪ್ಪ.
"ಮತ್ತೆ ಬಾಡಿಗೆ ಹೆಂಗೆ ಗಿಟ್ಟುತ್ತೆ?"
ಅವನ ಲೆಕ್ಕದಲ್ಲಿ ಇದು ಮುಳುಗುವ ಕಂಟ್ರಾಕ್ಟು.

ತುಸು ಹೊತ್ತಿನ ಮೇಲೆ ಸಾರಿನ ಬಟ್ಟಲು ಪಕ್ಕಕ್ಕೆ ಸರಿಸಿ
ಪಂಚೆ ಮೇಲೆತ್ತಿ ಕಾಲು ಚಾಚಿದ.
"ಇದಕ್ಕೇನಾದ್ರೂ ಆಗುತ್ತಾ?"

ಕೇಳಬೇಕೆಂದು ಕೇಳಿದ, ಅಷ್ಟೆ.
ಮುಗಿದ ಗೋಡೆಗೆ ಸಾರವೆ ಕಟ್ಟಿ ಏನು ಮಾಡುತ್ತಾರೆ
ಎನ್ನುವುದು ನನಗಿಂತ ಮೊದಲು ಅವನಿಗೇ ಗೊತ್ತು.
ಮೂಳೆ ಕೂಡಿದ ಕಡೆ, ಚರ್ಮದಡಿ,
ಹುರಿಯ ಗಂಟಿನಂತೆ ಉಬ್ಬಿತ್ತು. ಬೆರಳಿಟ್ಟೆ. ಎಂಜಲು ಕೈ ಎಂಬುದು
ಆಮೇಲೆ ನೆನಪಾಯಿತು.

"ಬಿಡು. ಉಸ್ತಾದರ ಗಂಟು ಅದು, ಗಟ್ಟಿ ಇದೆ," ಅಂದ.
ಎದ್ದು, ಬಾಗಿಲಾಚೆ ಕತ್ತು ಹಾಕಿ ಆಕಾಶ ನೋಡಿದ,
ಕೆಲಸದ ಹಿಂದಿನ ರಾತ್ರಿ ನೋಡುತ್ತಿದ್ದ ಹಾಗೆ.
"ನಾಳೆ ಬಿಸಿಲು ಬರಬೌದು, ನಿನ್ನ ಎಳೆಗೆ."